ಕಿಟಕಿಯ ಪಕ್ಕದ ಹಬೆ

ನಮ್ಮ ಊರಿನಲ್ಲಿ ಹೊಗೆ ತಾನಾಗಿ ಹೋಗುವುದಿಲ್ಲ. ಬಿಟ್ಟಲ್ಲೇ ನಿಲ್ಲುತ್ತದೆ. ಹಾಗಾಗಿ ನಮ್ಮಲ್ಲಿ ದೇವರಿಗೆ ಹೂವುಂಟು, ಊದುಬತ್ತಿ ಇಲ್ಲ. ಹೋಮ ಹವನ ಏನಿದ್ದರೂ ಸೇತುವೆಯಾಚೆಯ ಬಯಲಿನಲ್ಲಿ. ಅಡುಗೆಮನೆಯ ಹೊಗೆಯನ್ನು ಹೆಂಗಸರು ಮೊರದಿಂದ ಬೀಸಿ ಹಿತ್ತಿಲಿಗೆ ತಳ್ಳುತ್ತಾರೆ. ಬೆಳಗಾದರೆ ಬೀಸುವವರು ಬಂದು, ಎಮ್ಮೆ ಅಟ್ಟಿದ ಹಾಗೆ, ಬೀದಿ ಬೀದಿಯ ಹೊಗೆಯನ್ನೆಲ್ಲ ಒಟ್ಟು ಮಾಡಿಕೊಂಡು ಸೇತುವೆ ದಾಟಿಸಿ ಬರುತ್ತಾರೆ. ಬೀಡಿ ಸೇದುವವರು ಮಳೆಯಿರಲಿ ಬಿಸಿಲಿರಲಿ ಆ ಬಯಲಿಗೇ ನಡೆಯಬೇಕು. ಹೊಸ ಸೊಸೆಗೆ ಅತ್ತೆ ಮೊದಲು ಕಲಿಸುವುದು ಮೊರ ಬೀಸುವುದನ್ನು, ಸಾರು ಆಮೇಲೆ. ಹೊರಗಿನಿಂದ ಬಂದವರು ಇದನ್ನೆಲ್ಲ ನೋಡಿ ಬೆರಗಾಗುತ್ತಾರೆ. ಅವರ ಊರಿನಲ್ಲಿ ಹೊಗೆ ಎಲ್ಲಿಗೆ ಹೋಗುತ್ತದೆ ಎನ್ನುವುದೇ ನಮಗೆ ಬೆರಗು.

ನನ್ನ ಅಣ್ಣ ಸೋಮಲಿಂಗ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಬಾಯಿ ತುಂಬ ನಗುವ, ಯಾರು ಕರೆದರೂ ಹೋಗುವ ಮನುಷ್ಯ. ನಾನು ಪುರಸಭೆಗೆ ನಿಂತಾಗ ಅವನೇ ಬ್ಯಾಂಡ್ ಕಟ್ಟಿಕೊಂಡು ಓಣಿ ಓಣಿ ತಿರುಗಿ ನನ್ನನ್ನು ಗೆಲ್ಲಿಸಿದ. ಎಳೆಯ ವಯಸ್ಸಿನಿಂದ ಬೀಡಿ ಅವನಿಗೆ. ದಿನಕ್ಕೆ ಎಷ್ಟೋ ಸಲ ಸೇತುವೆ ದಾಟುತ್ತಿದ್ದ. ವಯಸ್ಸಾಗುತ್ತ ಆಗುತ್ತ ಒಂದು ಹಾಡು ಪೂರ್ತಿ ಊದಲು ಉಸಿರು ಸಾಲದೆ ಬಂತು. ಆಗಲೇ ಪೇಟೆಯಲ್ಲಿ ಧನಪಾಲನ ಅಂಗಡಿಗೆ ಹಬೆಕಡ್ಡಿ ಬಂದದ್ದು. ಪೆನ್ನಿನಷ್ಟು ಉದ್ದ, ತುದಿಯಲ್ಲಿ ಸಣ್ಣ ಬುಡ್ಡಿ, ಎಳೆದರೆ ಬೆಂಕಿಯಿಲ್ಲದೆ ಹಬೆ. "ಇದು ಹೊಗೆಯೇ ಅಲ್ಲ ಸೋಮಣ್ಣ, ಬರೀ ಆವಿ. ಮನೇಲೇ ಕೂತು ಸೇದು, ಯಾವ ಕಾಯಿದೆಯೂ ಅಡ್ಡ ಬರಲ್ಲ," ಎಂದ ಧನಪಾಲ. ಕಾಯಿದೆ ನಿಜಕ್ಕೂ ಅಡ್ಡ ಬರಲಿಲ್ಲ. ನಮ್ಮ ಹಳೆಯ ಕಾಯಿದೆಯಲ್ಲಿ ಹೊಗೆ ಎಂದಿತ್ತೇ ಹೊರತು ಹಬೆ ಎಂದು ಎಲ್ಲೂ ಇರಲಿಲ್ಲ.

ಅಣ್ಣ ಬೀಡಿ ಬಿಟ್ಟ. ಮನೆಮಂದಿಗೆಲ್ಲ ಹಬ್ಬವಾಯಿತು. ಅವನು ಹಿಡಿದದ್ದು ಹಲಸಿನ ಹಣ್ಣಿನ ವಾಸನೆಯ ಬುಡ್ಡಿ. ಅಂಗಡಿಯಲ್ಲಿ ಸೌಮ್ಯ, ಮಧ್ಯಮ, ಖಾರ ಎಂದು ಮೂರು ಬಗೆ. ಖಾರದಲ್ಲಿ ನಿಕೋಟಿನ್ ಜಾಸ್ತಿ. ಸೌಮ್ಯದಿಂದ ಶುರು ಮಾಡಿದವನು ಯಾವಾಗ ಖಾರಕ್ಕೆ ಹೋದನೋ ಯಾರೂ ಗಮನಿಸಲಿಲ್ಲ. ಸೇತುವೆಗೆ ನಡೆಯುವ ಕೆಲಸ ತಪ್ಪಿತಲ್ಲ, ಮನಸ್ಸಾದಾಗಲೆಲ್ಲ ಸೇದುತ್ತಿದ್ದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅಭ್ಯಾಸ ಮಾಡುವಾಗ ಒಂದು ಸಾಲು ಊದಿ ಒಂದು ದಮ್ಮು ಎಳೆಯುವುದು. ಅವನು ಬಿಟ್ಟ ಹಬೆ ಆ ಕುರ್ಚಿಯ ಮೇಲೆ, ಅವನ ತಲೆಯ ಎತ್ತರಕ್ಕೆ, ಬೆಳ್ಳಗೆ ನಿಂತಿರುತ್ತಿತ್ತು. ಅದನ್ನು ಅಟ್ಟಲು ಯಾರಿಗೂ ಮನಸ್ಸಾಗಲಿಲ್ಲ, ವಾಸನೆ ಅಷ್ಟು ಚೆನ್ನಾಗಿತ್ತು. ಊರಿನ ಎಷ್ಟೋ ಮನೆಗಳಲ್ಲಿ ಹೀಗೇ ಆಯಿತು. ಒಂದು ಮನೆಯಲ್ಲಿ ಏಲಕ್ಕಿ, ಇನ್ನೊಂದರಲ್ಲಿ ಮಾವು. ಜನ ಹಬೆಯ ನಡುವೆಯೇ ಚಾಪೆ ಹಾಸಿ ಮಲಗಿದರು, ಮಕ್ಕಳು ಅದರೊಳಗೆ ಕಣ್ಣಾಮುಚ್ಚಾಲೆ ಆಡಿದರು.

ಒಂದು ಮದುವೆಯ ದಿಬ್ಬಣದಲ್ಲಿ ಊದುತ್ತಿದ್ದಾಗಲೇ ಅಣ್ಣ ಕುಸಿದ. ಮನೆಗೆ ಹೊತ್ತು ತಂದಾಗ ಜೀವ ಹೋಗಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರ್ ಸಬೀಹಾ. ಯಾಕೆ ಎಂದು ನಾನು ಕೇಳಿದೆ. ಅವರು ಕುರ್ಚಿಯ ಮೇಲಿನ ಹಬೆಯನ್ನು ಸ್ವಲ್ಪ ಹೊತ್ತು ನೋಡಿ, "ಮೊದಲು ಮುಂದಿನ ಕೆಲಸ ನೋಡ್ಕೊಳ್ಳಿ ಪಂಕಜಾಕ್ಷಿ," ಎಂದು ಚೀಲ ಎತ್ತಿಕೊಂಡರು.

ಮಣ್ಣು ಮುಗಿಯಿತು, ಬಂದವರೆಲ್ಲ ಹೋದರು. ಮನೆಯಲ್ಲಿ ಅತ್ತಿಗೆ ನೀಲಾಂಬಿಕೆ ಮತ್ತು ಹೈಸ್ಕೂಲು ಓದುವ ಮಗಳು ಇಂಚರ, ಇಬ್ಬರೇ ಉಳಿದರು. ನಾನು ಎರಡು ಓಣಿಯಾಚೆ ಇರುವವಳು, ಸಂಜೆ ಹೋಗಿ ಬರುತ್ತಿದ್ದೆ. ಅತ್ತಿಗೆ ಆ ಕುರ್ಚಿಯನ್ನು ಅಲ್ಲಾಡಿಸಲು ಬಿಡಲಿಲ್ಲ. ತರಕಾರಿ ಹೆಚ್ಚುವುದು, ಅಕ್ಕಿ ಆರಿಸುವುದು ಎಲ್ಲ ಅದರ ಪಕ್ಕದಲ್ಲೇ. ಮಾತಾಡುತ್ತ ಮಾತಾಡುತ್ತ ಒಮ್ಮೆ ಎದ್ದು ಹಬೆಯೊಳಗೆ ಮುಖ ಇಟ್ಟು, ಉಸಿರು ಎಳೆದು ಬಂದು ಮತ್ತೆ ಕೂರುತ್ತಿದ್ದರು. ನನ್ನ ಮುಂದೆ ಅದನ್ನು ಮುಚ್ಚಿಡಲಿಲ್ಲ. ನಿಜ ಹೇಳಬೇಕೆಂದರೆ ಹೊರಡುವ ಮುಂಚೆ ನಾನೂ ಆ ಕುರ್ಚಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅಣ್ಣ ಈಗಷ್ಟೇ ಎದ್ದು ಒಳಗೆ ಹೋಗಿದ್ದಾನೆ, ಇನ್ನೇನು ಬರುತ್ತಾನೆ ಅನ್ನಿಸುತ್ತಿತ್ತು.

ದಸರೆಯ ರಜೆಗೆ ಇಂಚರಳನ್ನು ನನ್ನ ಮನೆಗೆ ಕರೆದುಕೊಂಡು ಬಂದೆ. ಜಾಗ ಬದಲಾದರೆ ಹುಡುಗಿಗೆ ಮನಸ್ಸು ಹಗುರಾದೀತು ಎಂದು. ಮೊದಲ ದಿನ ಸುಮ್ಮನಿದ್ದಳು. ಮರುದಿನ ತಲೆನೋವು ಎಂದಳು. ಆಮೇಲೆ ಊಟ ಸೇರಲಿಲ್ಲ, ಮಾತಿಗೆ ಮಾತಿಗೆ ಸಿಡುಕು, ಓದಲು ಕೂತರೆ ಕಾಲು ಒಂದೇ ಸಮನೆ ಅಲ್ಲಾಡುತ್ತಿತ್ತು. ದುಃಖ ಎಂದುಕೊಂಡೆ. ಒಂದು ಮಧ್ಯಾಹ್ನ ನಾನು ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಹುಡುಗಿ ಇಲ್ಲ. ಹುಡುಕುತ್ತ ಅಣ್ಣನ ಮನೆಗೆ ಹೋದೆ. ಅತ್ತಿಗೆ ಪೇಟೆಗೆ ಹೋಗಿದ್ದರು. ಇಂಚರ ಅಪ್ಪನ ಕುರ್ಚಿಯ ಮೇಲೆ ಮಂಡಿಯೂರಿ, ಹಬೆಯೊಳಗೆ ತಲೆ ಹುದುಗಿಸಿ, ಬಾಯಿ ತೆರೆದು ಎಳೆದುಕೊಳ್ಳುತ್ತಿದ್ದಳು. ಬಾಯಾರಿದ ದನ ತೊಟ್ಟಿಗೆ ಬಾಯಿ ಹಾಕಿದ ಹಾಗೆ. ನಾನು ಕೂಗಿದರೂ ತಿರುಗಲಿಲ್ಲ. ಸಾಕೆನ್ನಿಸಿದ ಮೇಲೆ ಇಳಿದು, ತುಟಿ ಒರೆಸಿಕೊಂಡು, "ಈಗ ಸರಿಹೋಯ್ತು ಅತ್ತೆ. ನಡಿ, ಊಟ ಮಾಡೋಣ," ಎಂದಳು. ಮುಖ ತಿಳಿಯಾಗಿತ್ತು. ಕಾಲು ಅಲ್ಲಾಡುವುದು ನಿಂತಿತ್ತು. ನನಗೆ ಭಯವಾದದ್ದು ಅದಕ್ಕೇ.

ಡಾಕ್ಟರ್ ಸಬೀಹಾ ಅವರ ಹತ್ತಿರ ಹೋದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಇಂಚರ ಒಬ್ಬಳೇ ಅಲ್ಲ. ಬೀಡಿ ಮುಟ್ಟದ ಮಕ್ಕಳು, ಹಬೆಕಡ್ಡಿ ಕೈಯಲ್ಲಿ ಹಿಡಿಯದ ಮಕ್ಕಳು ನನ್ನ ಹತ್ರ ಬರ್ತಿದ್ದಾರೆ. ಶಾಲೆಯಲ್ಲಿ ಕೂರೋಕಾಗಲ್ಲ, ಮನೆಗೆ ಹೋದ್ರೆ ಸರಿಹೋಗತ್ತೆ ಅಂತಾರೆ. ಅವರಿಗೆ ಹತ್ತಿರೋದು ನಿಕೋಟಿನ್ನಿನ ಚಟ. ಮನೆಯಲ್ಲಿ ನಿಂತಿದೆಯಲ್ಲ, ಖಾರದ ಹಬೆ, ಅದರಿಂದ," ಎಂದರು. ಪುರಸಭೆಗೆ ಅವರು ಆಗಲೇ ಹೇಳಿಕಳಿಸಿದ್ದರು. ನಾವು ಚರಂಡಿಯ ವಿಷಯ ಮುಗಿಯಲಿ ಎಂದು ಮುಂದೂಡಿದ್ದೆವು.

ಆ ಸಲದ ಸಭೆಗೆ ಡಾಕ್ಟರೂ ಬಂದರು, ಧನಪಾಲನೂ ಬಂದ. ಧನಪಾಲ ಕೆಟ್ಟವನಲ್ಲ, ಅಣ್ಣನ ಹೆಣಕ್ಕೆ ಹೆಗಲು ಕೊಟ್ಟವನು. ಅವನು ಎದ್ದು ನಿಂತು ಹೇಳಿದ: "ಖಾರ ನಿಲ್ಲಿಸಿದ್ರೆ ಏನಾಗತ್ತೆ ಗೊತ್ತಾ? ಅರ್ಧ ಊರು ಬೀಡಿಗೆ ವಾಪಸ್ ಹೋಗತ್ತೆ. ಉಳಿದವರು ಸೌಮ್ಯವನ್ನೇ ಎರಡರಷ್ಟು ಸೇದ್ತಾರೆ. ಕಷ್ಟಪಟ್ಟು ಬೀಡಿ ಬಿಟ್ಟವರ ಬಾಯಿಗೆ ಮಣ್ಣು ಹಾಕ್ಬೇಡಿ." ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸಭೆಯಲ್ಲಿ ಹಲವರು ತಲೆಯಾಡಿಸಿದರು. ಡಾಕ್ಟರು ಕೂತಲ್ಲಿಂದಲೇ, "ಬೀಡಿ ಬಿಡೋರಿಗೆ ಅದು ಊರುಗೋಲು, ನಾನೂ ಒಪ್ತೀನಿ. ಅವರಿಗೆ ಸೌಮ್ಯ ಇರಲಿ. ಆದರೆ ಕಾಲು ನೆಟ್ಟಗಿರೋ ಮಕ್ಕಳಿಗೂ ನಾವು ಊರುಗೋಲು ಕೊಟ್ಟು ಕುಂಟಿಸ್ತಿದ್ದೀವಿ," ಎಂದರು.

ಮಾತು ಬಹಳ ಹೊತ್ತು ಹರಿಯಿತು. ಕೊನೆಗೆ ಕಾಯಿದೆ ಹೀಗಾಯಿತು: ಇನ್ನು ಮೇಲೆ ಊರಿನಲ್ಲಿ ಸೌಮ್ಯ ಒಂದೇ ಮಾರಬೇಕು, ಅದರಲ್ಲೂ ಹಣ್ಣಿನ ವಾಸನೆ ಕೂಡದು. ಹಬೆಯನ್ನೂ ಹೊಗೆಯಂತೆಯೇ ಬಯಲಿನಲ್ಲಿ ಬಿಡಬೇಕು. ಮಕ್ಕಳಿರುವ ಮನೆಗಳಲ್ಲಿ ಈಗಾಗಲೇ ನಿಂತಿರುವ ಖಾರದ ಹಬೆಯನ್ನು ಬೀಸುವವರು ಹೊರಗೆ ಅಟ್ಟಬೇಕು. ಒಪ್ಪುವವರು ಕೈ ಎತ್ತಿ ಎಂದರು ಅಧ್ಯಕ್ಷರು. ನನ್ನ ಕಣ್ಣ ಮುಂದೆ ಆ ಕುರ್ಚಿ ಬಂತು. ಕುರ್ಚಿಯ ಮೇಲೆ ಮಂಡಿಯೂರಿದ ಹುಡುಗಿಯೂ ಬಂದಳು. ನಾನು ಕೈ ಎತ್ತಿದೆ.

ನಾನೇ ಹೋಗಿ ಹೇಳಬೇಕು ಎಂದುಕೊಂಡು ಸಭೆಯಿಂದ ನೇರ ಹೊರಟರೂ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. "ನೀನೂ ಕೈ ಎತ್ತಿದೆಯಂತೆ," ಎಂದರು.

"ಹೌದು ಅತ್ತಿಗೆ. ಇಂಚರ..."

"ಇಂಚರಂಗೇನಾಗಿದೆ? ಅಪ್ಪನ ಹತ್ರ ಒಂದು ಗಳಿಗೆ ನಿಂತಿರ್ತಾಳೆ. ಅದೂ ತಪ್ಪಾ?"

"ಅದು ಅಣ್ಣ ಅಲ್ಲ ಅತ್ತಿಗೆ. ಅಣ್ಣನ್ನ ತಿಂದಿದ್ದು ಅದು."

ಹೇಳಬಾರದಿತ್ತು ಎಂದು ಹೇಳಿದ ಕೂಡಲೇ ಗೊತ್ತಾಯಿತು. ಅತ್ತಿಗೆಯ ಮುಖ ಕಲ್ಲಿನ ಹಾಗಾಯಿತು. "ನೋಡು ಪಂಕಜಾ, ಒಂದು ಸಲ ಅವರನ್ನ ಹೊತ್ಕೊಂಡು ಹೋದ್ರಿ. ನಾನು ಅಡ್ಡ ಬರಲಿಲ್ಲ. ಈಗ ಅಟ್ಕೊಂಡು ಹೋಗ್ತೀರಾ? ದನ ಅಟ್ಟೋ ಹಾಗೆ?" ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು.

ಬೀಸುವವರು ಮನೆ ಮನೆ ಹೊಕ್ಕರು. ಕೆಲವರು ತಾವಾಗಿ ಬಾಗಿಲು ತೆರೆದರು, ಕೆಲವರು ಜಗಳವಾಡಿ ತೆರೆದರು. ಬೀಸುವವರ ಮುಖ್ಯಸ್ಥೆ ಹೊನ್ನಮ್ಮ ಅತ್ತಿಗೆಯ ಬಾಗಿಲು ತಟ್ಟಿ ತಟ್ಟಿ ವಾಪಸಾದಳು. "ಅಮ್ಮಾವ್ರೇ, ನಿಮ್ಮ ಮನೆಯವರೇ ಹಿಂಗ್ ಮಾಡಿದ್ರೆ ನಾವು ಬೇರೆಯವರಿಗೆ ಯಾವ ಬಾಯಲ್ಲಿ ಹೇಳೋದು?" ಎಂದು ನನ್ನನ್ನು ಕೇಳಿದಳು. ಬಾಗಿಲು ಒಡೆಸುವ ಅಧಿಕಾರ ನಮಗಿತ್ತು. ಅಧ್ಯಕ್ಷರು ಎರಡು ಸಲ ನೆನಪಿಸಿದರು. ಸ್ವಲ್ಪ ದಿನ ಕೊಡಿ, ವರ್ಷ ತುಂಬದ ಸಾವು ಎಂದು ನಾನು ಬೇಡಿಕೊಂಡೆ.

ಆ ಸ್ವಲ್ಪ ದಿನದಲ್ಲೇ ಅದು ನಡೆದದ್ದು. ಮನೆಯಿಂದ ಹೊರಗಿದ್ದರೆ ಇಂಚರಳಿಗೆ ತಡೆಯಲಾಗುತ್ತಿರಲಿಲ್ಲವಲ್ಲ, ಉಪ್ಪಿನಕಾಯಿಯ ಗಾಜಿನ ಭರಣಿಯೊಂದನ್ನು ತೊಳೆದು, ಅದರಲ್ಲಿ ಅಪ್ಪನ ಹಬೆ ತುಂಬಿ, ಮುಚ್ಚಳ ಬಿಗಿದು ಶಾಲೆಯ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳಂತೆ. ಆಟದ ಬಿಡುವಿನಲ್ಲಿ ಬಾವಿಯ ಹಿಂದೆ ಹೋಗಿ ಎಳೆದುಕೊಳ್ಳುವುದು. ಒಂದು ದಿನ ಪಕ್ಕದ ಮನೆಯ ಲಾವಣ್ಯ, ಇನ್ನೂ ಮೂರನೇ ಕ್ಲಾಸಿನ ಮಗು, ಅಲ್ಲಿಗೆ ಬಂದು ಏನದು ಎಂದು ಕೇಳಿತಂತೆ. "ನಮ್ಮಪ್ಪ," ಎಂದಿದ್ದಾಳೆ ಇಂಚರ. "ನಂಗೂ ತೋರ್ಸಕ್ಕಾ," ಎಂದಿದೆ ಮಗು. ಇವಳು ಪ್ರೀತಿಯಿಂದಲೇ ಭರಣಿಯನ್ನು ಅದರ ಮೂಗಿಗೆ ಹಿಡಿದು, ಜೋರಾಗಿ ಎಳಕೋ ಎಂದಿದ್ದಾಳೆ.

ನಾನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮಗು ಐದಾರು ಸಲ ವಾಂತಿ ಮಾಡಿಕೊಂಡಿತ್ತು. ಮುಖ ಬಿಳಿಚಿ, ಎದೆ ಹಕ್ಕಿಯದರಂತೆ ಬಡಿದುಕೊಳ್ಳುತ್ತಿತ್ತು. ಡಾಕ್ಟರ್ ಸಬೀಹಾ ಅದರ ಪಕ್ಕ ಬಿಟ್ಟು ಏಳಲಿಲ್ಲ. ಅತ್ತಿಗೆಯೂ ಬಂದರು, ಸೆರಗು ಸರಿಪಡಿಸಿಕೊಳ್ಳದೆ ಓಡಿಬಂದಿದ್ದರು. ಇಂಚರ ಗೋಡೆಗೆ ಅಂಟಿ ನಿಂತಿದ್ದಳು, ಕೈಯಲ್ಲಿ ಇನ್ನೂ ಆ ಭರಣಿಯ ಮುಚ್ಚಳ. ಅತ್ತಿಗೆ ಮಗಳ ಕಡೆ ನೋಡಲಿಲ್ಲ, ಮಂಚದ ಹತ್ತಿರ ಹೋಗಿ ಬಗ್ಗಿದರು. ಮಗುವಿನ ಉಸಿರಿನಲ್ಲಿ, ಕೂದಲಿನಲ್ಲಿ, ಯೂನಿಫಾರ್ಮಿನಲ್ಲಿ ಹಲಸಿನ ಹಣ್ಣಿನ ವಾಸನೆ. ಅತ್ತಿಗೆ ಹಾಗೇ ಹಿಂದೆ ಸರಿದು ನೆಲಕ್ಕೆ ಕೂತರು. ಲಾವಣ್ಯಳ ತಾಯಿ ಬೈಯಲಿಲ್ಲ. ಅವಳು ಒಮ್ಮೆ ಅತ್ತಿಗೆಯನ್ನು ನೋಡಿ, ಮತ್ತೆ ಮಗುವಿನ ಅಂಗಾಲು ಉಜ್ಜತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆಗೆ ಮಗು ಕಣ್ಣು ಬಿಟ್ಟು ನೀರು ಕೇಳಿತು. ಅಪಾಯ ಕಳೆಯಿತು ಎಂದರು ಡಾಕ್ಟರು. ಅತ್ತಿಗೆ ಎದ್ದು ನನ್ನ ಪಕ್ಕದಲ್ಲೇ ಹಾದುಹೋಗುತ್ತ, ಬೇರೆ ಯಾರಿಗೋ ಹೇಳುವವರಂತೆ, "ನಾಳೆ ಅವರಿಗೆ ಬರಕ್ಕೆ ಹೇಳು," ಎಂದರು.

ಬೆಳಿಗ್ಗೆ ಹೊನ್ನಮ್ಮ ತನ್ನ ಹೆಂಗಸರೊಂದಿಗೆ ಬಂದಳು. ನಾನು ಹೊಸ್ತಿಲ ಹೊರಗೆ ನಿಂತೆ. ಇಂಚರಳನ್ನು ಅತ್ತಿಗೆ ಕೋಣೆಯಲ್ಲಿ ಕೂಡಿ ಹಾಕಿದ್ದರು. ಅವಳು ಬಾಗಿಲು ಗುದ್ದುತ್ತಿದ್ದಳು. ಹೊನ್ನಮ್ಮ ಕುರ್ಚಿಯ ಹತ್ತಿರ ಹೋಗಿ ಮೊರ ಎತ್ತಿದಾಗ ಅತ್ತಿಗೆ, "ಕೊಡು ಇಲ್ಲಿ. ಅವರನ್ನ ಬೇರೆಯವರು ಅಟ್ಟೋದು ಬೇಡ," ಎಂದು ಮೊರ ಇಸಿದುಕೊಂಡರು. ಬೀಸಿದರು. ಇಪ್ಪತ್ತು ವರ್ಷ ಆ ಮನೆಯ ಅಡುಗೆಯ ಹೊಗೆ ಅಟ್ಟಿದ ಕೈ, ಆದರೂ ಹಬೆ ಅಲ್ಲಾಡಲಿಲ್ಲ. ಅಲ್ಲಾಡಿದ್ದೂ ಅವರ ಎದೆಯ ಕಡೆಗೇ ಬರುತ್ತಿತ್ತು. ಹೊನ್ನಮ್ಮ ಮೆತ್ತಗೆ ಹೇಳಿದಳು: "ತಾಯೀ, ಮೊರ ನಿಮ್ಮ ಕಡೆಗೇ ಬೀಸ್ತಾ ಇದ್ದೀರಿ."

ಅತ್ತಿಗೆ ಮೊರ ನೋಡಿಕೊಂಡರು. ಅದನ್ನು ಕುರ್ಚಿಯ ಮೇಲಿಟ್ಟು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಹೊನ್ನಮ್ಮನ ಹೆಂಗಸರು ಅದನ್ನು ಜೋಪಾನವಾಗಿಯೇ ಹೊರಗೆ ತಂದರು. ಕಿಟಕಿಯ ಪಕ್ಕದ್ದು, ಮಂಚದ ತಲೆದೆಸೆಯದ್ದು, ಜಗಲಿಯದ್ದು, ಎಲ್ಲ ಸೇರಿ ಓಣಿಯಗಲದ ಒಂದೇ ಬೆಳ್ಳನೆಯ ರಾಶಿಯಾಯಿತು. ಅದು ಮುಂದೆ, ಮೊರ ಹಿಡಿದವರು ಹಿಂದೆ. ಬ್ಯಾಂಡಿನವರು ಬೀದಿಯ ತಿರುವಿನಲ್ಲಿ ಬಂದು ನಿಂತಿದ್ದರು. ಯಾರೂ ಏನೂ ನುಡಿಸಲಿಲ್ಲ. ಹಬೆ ಹಾಯುವಾಗ ಜನ ಮೂಗು ಮುಚ್ಚಿಕೊಂಡರು, ಕಾಯಿದೆಗೋ ಮರ್ಯಾದೆಗೋ ತಿಳಿಯಲಿಲ್ಲ. ಬಯಲು ತಲುಪಿದ ಮೇಲೆ ಅದು ಅಲ್ಲಿನ ಹಳೆಯ ಹೊಗೆಗಳಲ್ಲಿ ಸೇರಿಹೋಯಿತು. ಎಲ್ಲಿಂದ ಎಲ್ಲಿಯವರೆಗೆ ಅಣ್ಣನದು ಎಂದು ಗುರುತು ಹಿಡಿಯಲು ನನಗಾಗಲಿಲ್ಲ.

ಆಮೇಲಿನ ದಿನಗಳನ್ನು ನೆನೆಯಲು ಮನಸ್ಸಿಲ್ಲ. ತಾಯಿ ಮಗಳು ಇಬ್ಬರಿಗೂ ಒಟ್ಟಿಗೇ ಚಟ ಬಿಡುವ ಸಂಕಟ ಹಿಡಿಯಿತು. ಇಂಚರ ತಟ್ಟೆ ಎಸೆದಳು, ತಲೆ ಗೋಡೆಗೆ ಚಚ್ಚಿಕೊಂಡಳು, ಕುರ್ಚಿಯ ಬೆತ್ತವನ್ನು ನೆಕ್ಕಿದಳು. ನಾನು ಊಟ ಕಟ್ಟಿಕೊಂಡು ಹೋದರೆ ಅತ್ತಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಜಗಲಿಯ ಮೇಲಿಟ್ಟು ಬರುತ್ತಿದ್ದೆ. ಒಮ್ಮೆ ಇಂಚರ ಕಿಟಕಿಗೆ ಬಂದು, "ನೀನು ನನ್ನ ಅತ್ತೆಯೇ ಅಲ್ಲ. ಅಪ್ಪ ಇದ್ದಿದ್ರೆ ನಿನ್ನ ಮನೆ ಒಳಗೇ ಬಿಡ್ತಿರಲಿಲ್ಲ," ಎಂದು ಕಿರುಚಿದಳು. ಡಾಕ್ಟರಿಗೆ ಹೇಳಿದೆ. "ಮಾತಾಡ್ತಿರೋದು ಆ ಚಟ, ಅವಳಲ್ಲ. ತಡ್ಕೊಳ್ಳಿ," ಎಂದರು. ಎಷ್ಟು ಅದು, ಎಷ್ಟು ಅವಳು ಎಂದು ನಾನು ಬಹಳ ಯೋಚಿಸಿದೆ.

ಊರಿನಲ್ಲಿ ಧನಪಾಲ ಹೇಳಿದ್ದೂ ಸುಳ್ಳಾಗಲಿಲ್ಲ. ಕೆಲವರು ಬೀಡಿಗೆ ಮರಳಿದರು. ಅಣ್ಣನ ಜೊತೆ ಡೋಲು ಬಾರಿಸುತ್ತಿದ್ದವನು ಅವರಲ್ಲೊಬ್ಬ, ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ಕೆಲವರು ಸೌಮ್ಯವನ್ನು ಬಯಲಿನಲ್ಲಿ ಕೂತು ಹೊತ್ತುಗಟ್ಟಲೆ ಎಳೆಯುತ್ತಾರೆ. ಖಾರದ ಬುಡ್ಡಿ ಕದ್ದು ಬರುತ್ತದೆ ಎಂದೂ ಮಾತಿದೆ. ಆದರೆ ಡಾಕ್ಟರ್ ಸಬೀಹಾ ಅವರ ಬಾಗಿಲಲ್ಲಿ ಮಕ್ಕಳ ಸಾಲು ಸಣ್ಣದಾಗಿದೆ. ಇದಕ್ಕೆ ಯಾರೂ ಯಾರಿಗೂ ಹಾರ ಹಾಕಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಊಟ ಇಡಲು ಹೋದಾಗ ಇಂಚರ ಜಗಲಿಯಲ್ಲಿ ಕೂತಿದ್ದಳು. ತೆಳ್ಳಗಾಗಿದ್ದಳು. ಕಾಲು ಅಲ್ಲಾಡುತ್ತಿರಲಿಲ್ಲ. ನಾನು ಪಾತ್ರೆ ಇಟ್ಟು ಹೊರಡುವವಳಿದ್ದೆ.

"ಕೂತ್ಕೋ ಅತ್ತೆ," ಎಂದಳು.

ಕೂತೆ. ಆಮೇಲೆ ನಾನೇ ಕೇಳಿದೆ: "ತಲೆನೋವು ಹೇಗಿದೆ ಮಗಾ?"

"ಇಲ್ಲ. ಈಗ ಬೇಕು ಅಂತಾನೂ ಅನ್ಸಲ್ಲ."

"ಒಳ್ಳೇದಾಯ್ತಲ್ಲ."

ಅವಳು ತಲೆಯಾಡಿಸಿದಳು, ಹೌದೆಂದೋ ಇಲ್ಲವೆಂದೋ. "ಆವಾಗ ಏನೂ ಅನ್ಸ್ತಿರಲಿಲ್ಲ ಅತ್ತೆ. ಅಲ್ಲಿ ಹೋಗಿ ನಿಂತ್ರೆ ಸರಿಹೋಗ್ತಿತ್ತು. ಶಾಲೆ ಬಿಟ್ಟು ಬಂದ್ರೆ ಅಪ್ಪ ಇರ್ತಾನೆ ಅನ್ಕೊಂಡೇ ಬರ್ತಿದ್ದೆ. ನಿನ್ನೆ ಬಂದೆ. ಬಾಗಿಲು ತೆಗೆದೆ. ಕುರ್ಚಿ ಇತ್ತು." ಅವಳ ಬಾಯಿ ಸೊಟ್ಟಗಾಯಿತು. "ಅಪ್ಪ ಸತ್ತುಹೋದ ಅಲ್ವಾ ಅತ್ತೆ?" ಎಂದು ಕೇಳಿದಳು, ಸುದ್ದಿ ಈಗಷ್ಟೇ ಮುಟ್ಟಿದವಳ ಹಾಗೆ.

ಹೌದು ಎಂದೆ. ಅಣ್ಣ ಹೋಗಿ ಹತ್ತಿರ ಹತ್ತಿರ ವರ್ಷವಾಗಿತ್ತು. ಅವತ್ತು ಆ ಹುಡುಗಿ ಮೊದಲ ಸಲ ಅತ್ತಳು. ಮಣ್ಣು ಮಾಡಿದ ದಿನ ಅಳಬೇಕಾದವಳು, ಅಷ್ಟೂ ದಿನದ್ದನ್ನು ಒಟ್ಟಿಗೆ, ಓಣಿಯ ಬಾಗಿಲುಗಳೆಲ್ಲ ತೆರೆಯುವ ಹಾಗೆ ಅತ್ತಳು. ನಾನು ಅವಳ ಬೆನ್ನಿನ ಮೇಲೆ ಕೈ ಇಡಲು ಹೋಗಿ ಧೈರ್ಯ ಸಾಲದೆ ಹಿಂದಕ್ಕೆ ತೆಗೆದುಕೊಂಡೆ. ಅತ್ತಿಗೆ ಒಳಗಿನಿಂದ ಬಂದು ಮಗಳ ಪಕ್ಕ ಕುಸಿದರು, ಅವಳ ತಲೆಯನ್ನು ಎದೆಗೊತ್ತಿಕೊಂಡು ತಾವೂ ದನಿ ತೆಗೆದರು. ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಬೇಕೋ ಇರಬೇಕೋ ತಿಳಿಯದೆ ನಾನು ಜಗಲಿಯ ಇನ್ನೊಂದು ತುದಿಯಲ್ಲೇ ಕೂತಿದ್ದೆ. ಅತ್ತಿಗೆ ಬಾ ಎನ್ನಲಿಲ್ಲ. ಹೋಗು ಎಂದೂ ಹೇಳಲಿಲ್ಲ.